ಕೆಇಎ ಆಪ್ಷನ್ ಎಂಟ್ರಿ: ಪಿಯುಸಿ ಮುಗಿಸಿದ ಮಗಳೊಂದಿಗೆ ಹತ್ತು ದಿನ

ಕಳೆದ ವರ್ಷ ಮಗಳ ಸಿಇಟಿ ರ‍್ಯಾಂಕ್ ಬಂದ ಮೇಲೆ ಹತ್ತು ದಿನ ನಮ್ಮ ಮನೆಯಲ್ಲಿ ನಡೆದದ್ದು ಒಂದೇ ಕೆಲಸ: ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಜಾಲತಾಣದಲ್ಲಿ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ತುಂಬುವುದು. ರಾಜ್ಯದಲ್ಲಿ ಎಷ್ಟು ಬಗೆಯ ಕಾಲೇಜುಗಳಿವೆ ಎಂಬುದು ನನಗೆ ನಿಜವಾಗಿ ತಿಳಿದದ್ದು ಆಗಲೇ.

ಎಂಜಿನಿಯರಿಂಗ್ ಪಟ್ಟಿಯನ್ನು ಬಹುತೇಕರು ಬಲ್ಲರು. ಸರ್ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಆರಂಭಿಸಿದ ಯುವಿಸಿಇ, 1946ರ ಬಿ.ಎಂ.ಎಸ್. ಮತ್ತು ಮೈಸೂರಿನ ಎನ್‌ಐಇ, 1958ರ ಕಲಬುರಗಿಯ ಪಿಡಿಎ ಎಲ್ಲವೂ ಒಂದೇ ಪರದೆಯಲ್ಲಿ ಸಿಗುತ್ತವೆ. ಸುರತ್ಕಲ್‌ನ ಎನ್‌ಐಟಿಕೆಗೆ ಮಾತ್ರ ಜೆಇಇ ಮೂಲಕವೇ ಹೋಗಬೇಕು. ಕೆಲವು ಹಳೆಯ ಕಾಲೇಜುಗಳಲ್ಲಿ ಅನುದಾನಿತ ಸೀಟಿಗೂ ಅನುದಾನರಹಿತ ಸೀಟಿಗೂ ಶುಲ್ಕದಲ್ಲಿ ದೊಡ್ಡ ಅಂತರವಿರುವುದರಿಂದ, ಹೆಸರಿನ ಜೊತೆಗೆ ಶುಲ್ಕದ ಕಾಲಂ ಓದುವುದೂ ಅಷ್ಟೇ ಮುಖ್ಯ.

ನನ್ನ ಮೆಚ್ಚುಗೆ ಇರುವುದು ಕೃಷಿ ವಿಭಾಗದ ಪಟ್ಟಿಯ ಮೇಲೆ. ಶಿರಸಿ ಮತ್ತು ಪೊನ್ನಂಪೇಟೆಯ ಅರಣ್ಯ ಕಾಲೇಜುಗಳು, 1969ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಮೀನುಗಾರಿಕೆ ಕಾಲೇಜು, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಕೋರ್ಸುಗಳು ಹಾಗೂ ಧಾರವಾಡ, ರಾಯಚೂರು ಕೃಷಿ ವಿಶ್ವವಿದ್ಯಾಲಯಗಳ ಕೋರ್ಸುಗಳನ್ನು ನೋಡಿದಾಗ, ಕಂಪ್ಯೂಟರ್ ಸೈನ್ಸ್ ಬಿಟ್ಟರೆ ಗತಿಯಿಲ್ಲ ಎಂದು ಮಕ್ಕಳನ್ನು ಹೆದರಿಸುವುದು ಎಂಥ ಅನ್ಯಾಯ ಎನಿಸಿತು. ರೈತರ ಮಕ್ಕಳಿಗೆ ಇಲ್ಲಿ ಪ್ರತ್ಯೇಕ ಕೋಟಾ ಇದ್ದು, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯನ್ನೂ ಬರೆಯಬೇಕು. ಆ ಪರೀಕ್ಷೆಯ ಹಿಂದಿನ ರಾತ್ರಿ ಮಗಳ ಅಜ್ಜಿ ಮೊರದಲ್ಲಿ ನವಣೆ, ಸಜ್ಜೆ, ಹುರುಳಿ, ಹುಚ್ಚೆಳ್ಳನ್ನು ಒಂದೊಂದು ಹಿಡಿ ಹರಡಿ ಹೆಸರು ಹೇಳಿಸುತ್ತಿದ್ದರು. ಹೊಲದ ತಿಳಿವಳಿಕೆಗೂ ಅಂಕ ಕೊಡುವ ಈ ಏರ್ಪಾಡು ಬಹಳ ಬೆಲೆಯುಳ್ಳದ್ದು.

ಸೀಟು ಹಂಚಿಕೆಯ ಕ್ರಮವನ್ನು ಒಮ್ಮೆ ಅರ್ಥಮಾಡಿಕೊಂಡರೆ ಆತಂಕ ಅರ್ಧ ಇಳಿಯುತ್ತದೆ. ಮೊದಲು ಅಣಕು ಹಂಚಿಕೆಯ ಫಲಿತಾಂಶ ತೋರಿಸುತ್ತಾರೆ. ಅದನ್ನು ನೋಡಿ ಆಯ್ಕೆಗಳ ಕ್ರಮವನ್ನು ಬದಲಿಸಬಹುದು. ನಾವು ಶಿರಸಿಯನ್ನು ಮೂರನೆಯದರಿಂದ ಮೊದಲನೆಯದಕ್ಕೆ ತಂದದ್ದು ಆಗಲೇ. ನಿಜವಾದ ಹಂಚಿಕೆಯಾದ ಮೇಲೆ ನಾಲ್ಕು ಚಾಯ್ಸ್‌ಗಳಿರುತ್ತವೆ: ಮೊದಲನೆಯದೆಂದರೆ ಸೀಟು ಒಪ್ಪಿ ಸೇರುವುದು, ಎರಡನೆಯದೆಂದರೆ ಸಿಕ್ಕಿದ್ದನ್ನು ಉಳಿಸಿಕೊಂಡೇ ಮುಂದಿನ ಸುತ್ತಿಗೆ ಕಾಯುವುದು. ಮೂರನೆಯದರಲ್ಲಿ ಸಿಕ್ಕಿದ ಸೀಟು ಕೈಬಿಟ್ಟುಹೋಗುವುದರಿಂದ ಅದನ್ನು ಒತ್ತುವ ಮುನ್ನ ಮನೆಯವರೆಲ್ಲ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು. ನಾಲ್ಕನೆಯದೆಂದರೆ ಪ್ರಕ್ರಿಯೆಯಿಂದಲೇ ಹೊರಬರುವುದು.

ಪಟ್ಟಿಯನ್ನು ನೋಡಿಯೇ ತೀರ್ಮಾನಿಸದೆ ಕಾಲೇಜಿಗೆ ಒಮ್ಮೆ ಹೋಗಿಬರಬೇಕು. ನಾವು ವಿಚಾರಿಸಲು ಹೋದ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ, ನಿಗದಿತ ಶುಲ್ಕದ ಮೇಲೆ ‘ಕೌಶಲ ತರಬೇತಿ’ ಎಂದು ಇನ್ನಷ್ಟು ಹಣ ಕೇಳಿದರು; ರಸೀದಿಯ ಮಾತೆತ್ತಿದಾಗ ಗುಮಾಸ್ತರು ಉತ್ತರ ಕೊಡಲಿಲ್ಲ. ಶಿರಸಿಯಲ್ಲಾದರೋ, ಹಾಸ್ಟೆಲ್ ಹುಡುಗಿಯರೇ ನಮ್ಮನ್ನು ನರ್ಸರಿಯವರೆಗೆ ಕರೆದೊಯ್ದು ತಾವು ಬೆಳೆಸಿದ ಸಸಿಗಳನ್ನು ತೋರಿಸಿದರು. ಮಗಳು ಬಗ್ಗಿ ಒಂದರ ಎಲೆ ಮುಟ್ಟಿ, “ಅಪ್ಪ, ಇದು ಹೊನ್ನೆ” ಎಂದಳು. ಈಗ ಅವಳು ಅಲ್ಲೇ ಮೊದಲ ವರ್ಷದಲ್ಲಿ ಓದುತ್ತಿದ್ದಾಳೆ.