ಕೂಜೊ: ದೆವ್ವವಿಲ್ಲದ ಹಾರರ್ ಸಿನಿಮಾ

ನಾಯಿಗಳಿಗೆ ಸೂಜಿ ಚುಚ್ಚುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ನಾಯಿಯೇ ವಿಲನ್ ಆಗಿರುವ ಸಿನಿಮಾ ಅಂದರೆ ನನಗೆ ಮೊದಲೇ ಗುಮಾನಿ. ಸೇಡು, ಶಾಪ, ಕೆಂಪು ಕಣ್ಣು ಅಂತ ಏನಾದರೊಂದು ಹಚ್ಚಿ ಪಾಪದ ಪ್ರಾಣಿಯನ್ನು ರಾಕ್ಷಸ ಮಾಡಿಬಿಟ್ಟಿರುತ್ತಾರೆ. 1983ರ ‘ಕೂಜೊ’ ಹಾಗೆ ಮಾಡಿಲ್ಲ. ಇಲ್ಲಿ ನಾಯಿಗೆ ಬಂದಿರುವುದು ರೇಬೀಸ್, ಅಷ್ಟೇ. ಹೊತ್ತಿಗೆ ಸರಿಯಾಗಿ ಲಸಿಕೆ ಹಾಕಿಸಿದ್ದರೆ ಕಥೆಯೇ ಹುಟ್ಟುತ್ತಿರಲಿಲ್ಲ.

ಸ್ಟೀಫನ್ ಕಿಂಗ್ ಅವರ 1981ರ ಕಾದಂಬರಿಯನ್ನು ಲೂಯಿಸ್ ಟೀಗ್ ತೆರೆಗೆ ತಂದಿದ್ದಾರೆ. ಅಮೆರಿಕದ ಮೇನ್ ರಾಜ್ಯದ ಸಣ್ಣ ಊರು, ಊರಾಚೆ ಒಬ್ಬ ಮೆಕ್ಯಾನಿಕ್‌ನ ಮನೆ, ಅಲ್ಲಿ ಕರುವಿನಷ್ಟು ದೊಡ್ಡ ಸೇಂಟ್ ಬರ್ನಾರ್ಡ್ ತಳಿಯ ನಾಯಿ, ಹೆಸರು ಕೂಜೊ. ಮೊಲದ ಹಿಂದೆ ಓಡಿ ಗುಹೆಯ ಬಾಯಿಗೆ ತಲೆ ತುರುಕುತ್ತದೆ, ಒಳಗಿದ್ದ ಬಾವಲಿ ಮೂತಿಗೆ ಕಚ್ಚುತ್ತದೆ. ಆಮೇಲೆ ಸುಮಾರು ಅರ್ಧ ಸಿನಿಮಾ ಡಾನಾ ಎಂಬ ಗೃಹಿಣಿಯ ಕದ್ದುಮುಚ್ಚಿದ ಸಂಬಂಧ ಮತ್ತು ಅವಳ ಗಂಡನ ಜಾಹೀರಾತು ಕೆಲಸದ ಗೋಳಿಗೇ ಹೋಗುತ್ತದೆ. ಎಳೆದಿದ್ದಾರೆ, ಸುಳ್ಳು ಹೇಳುವುದಿಲ್ಲ. ನಡುನಡುವೆ ಟೀ ಮಾಡಿಕೊಂಡು ಬಂದರೂ ನಷ್ಟವಿಲ್ಲ.

ಆದರೆ ಆ ಹೊತ್ತಿನಲ್ಲೂ ನಾಯಿ ಕಾಣಿಸಿದಾಗೆಲ್ಲ ಕಣ್ಣಿಟ್ಟು ನೋಡಿ. ಕಾಯಿಲೆ ಒಮ್ಮೆಲೇ ಏರುವುದಿಲ್ಲ. ಮೊದಲು ಮೂತಿಯ ಗಾಯ, ಆಮೇಲೆ ಕಣ್ಣಲ್ಲಿ ಕೀವು, ಜೊಲ್ಲು, ಸದ್ದಾದರೆ ಸಿಡಿಮಿಡಿ. ಬೆಳಗಿನ ಮಂಜಿನಲ್ಲಿ ಮೆಕ್ಯಾನಿಕ್‌ನ ಮಗ ಬ್ರೆಟ್ ಹೆಸರು ಹಿಡಿದು ಕರೆಯುತ್ತಾನೆ. ಗುರುಗುಟ್ಟುತ್ತಾ ಬಂದ ಕೂಜೊ ಹುಡುಗನನ್ನು ನೋಡಿ ನಿಲ್ಲುತ್ತದೆ, ಏನೋ ನೆನಪಾದಂತೆ ಮಂಜಿನೊಳಕ್ಕೆ ವಾಪಸ್ ಹೋಗುತ್ತದೆ. ಇಡೀ ಸಿನಿಮಾದಲ್ಲಿ ನನ್ನ ಹೊಟ್ಟೆ ಕಿವುಚಿದ್ದು ಇದೊಂದೇ ದೃಶ್ಯ. ರಕ್ತ ಹರಿದ ದೃಶ್ಯಗಳೆಲ್ಲ ಇದರ ಮುಂದೆ ಸಪ್ಪೆ.

ದ್ವಿತೀಯಾರ್ಧ ಬೇರೆಯೇ ಸಿನಿಮಾ. ಕೆಟ್ಟ ಫೋರ್ಡ್ ಪಿಂಟೊ ಕಾರನ್ನು ರಿಪೇರಿಗೆ ತಂದ ಡಾನಾ, ಪುಟ್ಟ ಮಗ ಟ್ಯಾಡ್ ಜೊತೆ ಅದರೊಳಗೇ ಸಿಕ್ಕಿಹಾಕಿಕೊಳ್ಳುತ್ತಾಳೆ. ಮೆಕ್ಯಾನಿಕ್ ಇಲ್ಲ, ಕಾರು ಸ್ಟಾರ್ಟ್ ಆಗುವುದಿಲ್ಲ, ಬಿಸಿಲು ಸುಡುತ್ತಿದೆ, ನೀರು ಮುಗಿಯುತ್ತಿದೆ, ಹೊರಗೆ ನಾಯಿ. ಒಂದು ಕಡೆ ಮನೆಯೊಳಗೆ ಫೋನ್ ಬಡಿದುಕೊಳ್ಳುತ್ತದೆ. ಸಹಾಯಕ್ಕೆ ಬರಬೇಕಾದ ವಸ್ತು ಅದು. ಆದರೆ ಆ ರಿಂಗ್ ಸದ್ದಿಗೇ ತಲೆಕೆಟ್ಟ ಕೂಜೊ ಕಾರಿಗೆ ಬಂದು ಡಿಕ್ಕಿ ಹೊಡೆಯುತ್ತದೆ. ರೇಬೀಸ್ ಬಂದ ಪ್ರಾಣಿಗೆ ಸದ್ದು, ಬೆಳಕು ಎರಡೂ ತಡೆಯದು. ಈ ಒಂದು ವಿಷಯವನ್ನು ಇಷ್ಟು ಚೆನ್ನಾಗಿ ಬಳಸಿಕೊಂಡಿದ್ದಕ್ಕೆ ನನ್ನ ಕಡೆಯಿಂದ ಪೂರ್ತಿ ಅಂಕ.

ಛಾಯಾಗ್ರಹಣ ಯಾನ್ ಡಿ ಬಾಂಟ್ ಅವರದು. ಮುಂದೆ ‘ಸ್ಪೀಡ್’ ನಿರ್ದೇಶಿಸಿದವರು ಇವರೇ. ಕಾರಿನೊಳಗೆ ತಾಯಿ ಮಗನ ಸುತ್ತ ಕ್ಯಾಮೆರಾ ಗಿರಗಿರ ತಿರುಗುವ ಒಂದು ಶಾಟ್ ಇದೆ, ನಮಗೂ ತಲೆ ಸುತ್ತು ಬರುತ್ತದೆ. ಡಾನಾ ಆಗಿರುವ ಡೀ ವಾಲೇಸ್ ಹಿಂದಿನ ವರ್ಷವಷ್ಟೇ ‘ಇ.ಟಿ.’ಯಲ್ಲಿ ತಾಯಿಯಾಗಿದ್ದರು. ಇಲ್ಲಿ ಬೆವರು, ಕೊಳೆ, ಸಿಟ್ಟು ಎಲ್ಲ ಮುಖದ ಮೇಲೇ ಇದೆ. ತಾಳ್ಮೆ ಕಳೆದುಕೊಂಡು ಮಗನ ಮೇಲೆ ಕಿರುಚುವುದೂ ಇದೆ. ಟ್ಯಾಡ್ ಆಗಿರುವ ಡ್ಯಾನಿ ಪಿಂಟಾರೊ ಅಳುವಾಗ ಅದು ನಟನೆ ಅನ್ನಿಸುವುದಿಲ್ಲ.

ಚಿತ್ರೀಕರಣಕ್ಕೆ ಹಲವು ಸೇಂಟ್ ಬರ್ನಾರ್ಡ್‌ಗಳನ್ನು ಬಳಸಿದ್ದರಂತೆ, ಜೊತೆಗೆ ಯಂತ್ರದ ತಲೆಯೊಂದು, ನಾಯಿ ವೇಷದ ಒಬ್ಬ ಮನುಷ್ಯ. ನಿಜವಾದ ನಾಯಿಗಳಿಗೆ ಇದೆಲ್ಲ ಆಟ, ದಾಳಿ ಮಾಡುವಾಗಲೂ ಬಾಲ ಅಲ್ಲಾಡಿಸುತ್ತಿದ್ದವಂತೆ, ಅದಕ್ಕೇ ಬಾಲ ಕಟ್ಟಿಹಾಕಬೇಕಾಯಿತಂತೆ. ಇದನ್ನು ತಿಳಿದ ಮೇಲೆ ಇನ್ನೊಮ್ಮೆ ಹಾಕಿ ಬರೀ ಬಾಲವನ್ನೇ ನೋಡುತ್ತಾ ಕೂತೆ.

ತಕರಾರು ಇಲ್ಲದಿಲ್ಲ. ಕಚ್ಚಿಸಿಕೊಂಡ ಮೇಲೆ ರೋಗ ಹೊರಬೀಳಲು ಸಾಮಾನ್ಯವಾಗಿ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಸಿನಿಮಾದಲ್ಲಿ ಎಲ್ಲ ನಾಲ್ಕಾರು ದಿನದಲ್ಲಿ ಆದಂತೆ ಕಾಣುತ್ತದೆ. ಒಂದೇ ಸಮನೆ ಅಷ್ಟು ಬಲ ತೋರಿಸುವುದೂ ಅನುಮಾನವೇ, ಕೊನೆಕೊನೆಗೆ ಈ ರೋಗ ಪಾರ್ಶ್ವವಾಯುವಿಗೆ ತಿರುಗುತ್ತದೆ. ಕಾದಂಬರಿಯ ಅಂತ್ಯ ಇನ್ನೂ ಕ್ರೂರ. ಸಿನಿಮಾದವರು ಅದನ್ನು ಬದಲಿಸಿದ್ದಾರೆ, ನನಗೇನೂ ಬೇಜಾರಿಲ್ಲ.

ಬೇಜಾರಾಗಿದ್ದು ಬೇರೆ ವಿಷಯಕ್ಕೆ. ಡಾನಾಗೆ ನಾಯಿ ಸರಿಯಾಗಿ ಕಚ್ಚಿದೆ. ಕೊನೆಯ ಫ್ರೇಮ್ ಹಾಗೇ ನಿಂತು ಹೆಸರುಗಳು ಬರತೊಡಗುತ್ತವೆ. ನನ್ನ ಗಂಡ ‘ಸದ್ಯ, ಬಚಾವಾದ್ರು’ ಅಂತ ರಿಮೋಟ್ ಹುಡುಕುತ್ತಿದ್ದರೆ, ನಾನು ‘ಇಂಜೆಕ್ಷನ್ ಯಾರ್ರೀ ಕೊಡಿಸ್ತಾರೆ?’ ಅಂತ ಕೂತಿದ್ದೆ. ಗಾಯವನ್ನು 15 ನಿಮಿಷ ಸೋಪು ನೀರಲ್ಲಿ ತೊಳೆದು, ತಕ್ಷಣ ಲಸಿಕೆ, ಇಮ್ಯುನೋಗ್ಲಾಬ್ಯುಲಿನ್ (ವೈರಸ್ ವಿರುದ್ಧ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಎರಡೂ ಶುರುಮಾಡಬೇಕು. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಇಡೀ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಅಷ್ಟು ಹೊತ್ತು ಅವಳ ಜೊತೆ ನಮ್ಮನ್ನೂ ಕಾರಿನಲ್ಲಿ ಬೇಯಿಸಿದವರು ಆಸ್ಪತ್ರೆಯ ಒಂದು ಶಾಟ್ ಹಾಕಿದ್ದರೆ ಗಂಟೇನು ಹೋಗುತ್ತಿತ್ತು?