ಗಟ್ಟಿ ಎಣ್ಣೆ ಬಾವಿಗೆ ಯಾವ ಪಂಪು? ನನ್ನ ಓಟು ಸ್ಕ್ರೂ ಪಂಪಿಗೆ

ಉತ್ತರ ಗುಜರಾತಿನ ಮೆಹ್ಸಾಣ ಕಡೆಯ ಕಚ್ಚಾ ಎಣ್ಣೆಯನ್ನು ಜನವರಿಯ ಬೆಳಿಗ್ಗೆ ಬಕೆಟ್ಟಿಗೆ ಹಿಡಿದರೆ ಥೇಟ್ ಜೋನಿ ಬೆಲ್ಲ. ಬಕೆಟ್ ಬಗ್ಗಿಸಿದರೂ ಬೀಳಲು ಒಪ್ಪುವುದಿಲ್ಲ. ಇದನ್ನು ಸುಮಾರು 1000 ಮೀಟರ್ ಆಳದಿಂದ ಎತ್ತಬೇಕು. ಮೂರು ಬಗೆಯ ಪಂಪಿನ ಜೊತೆಗೂ ಏಗಿದ್ದೇನೆ. ನನಗೆ ಇಷ್ಟ ಸ್ಕ್ರೂ ಪಂಪು, ಅಂದರೆ ಪಿಸಿಪಿ. ಜಾಸ್ತಿ ಕಾಟ ಕೊಟ್ಟದ್ದೂ ಅದೇ.

ಇಎಸ್‌ಪಿ ನಮ್ಮೂರಿನ ಬೋರ್‌ವೆಲ್ ಸಬ್‌ಮರ್ಸಿಬಲ್‌ನ ಅಣ್ಣ. ತೆಳು ದ್ರವ ಧಾರಾಳವಾಗಿ ಬರುವ ಕಡೆ ಅದಕ್ಕೆ ಸಾಟಿಯಿಲ್ಲ. ನಮ್ಮ ಬಾವಿ ದಿನಕ್ಕೆ ಹತ್ತು ಘನ ಮೀಟರ್ ಕೊಟ್ಟರೆ ಪುಣ್ಯ. ಮೋಟಾರು ತಣ್ಣಗಿರಲು ಬೇಕಾದಷ್ಟು ಹರಿವೇ ಇಲ್ಲ. ಅದು ಬೇಡ.

ಎಸ್‌ಆರ್‌ಪಿ ಅಂದರೆ ಹೊಲದಲ್ಲಿ ತಲೆ ಆಡಿಸುತ್ತಾ ನಿಂತಿರುತ್ತದಲ್ಲ, ಅದು. ಗಟ್ಟಿಮುಟ್ಟು. ಆದರೆ ಆ ತಲೆಯಿಂದ ಬಾವಿಯೊಳಗಿನ ಪಂಪಿನವರೆಗೆ ಇಳಿಬಿಟ್ಟ ರಾಡುಗಳು ತಮ್ಮ ಭಾರಕ್ಕೇ ಕೆಳಗಿಳಿಯಬೇಕು, ಈ ಎಣ್ಣೆ ಬಿಡುವುದಿಲ್ಲ. ಮೇಲಿನ ತಲೆ ಮೊದಲೇ ಇಳಿದು, ರಾಡು ಹಿಂದೆ ಬಿದ್ದು, ಮತ್ತೆ ಎತ್ತುವಾಗ ಧಡ್ ಅಂತ ಹೊಡೆತ. ನಿಮಿಷಕ್ಕೆ ಮೂರು ಸ್ಟ್ರೋಕಿಗೆ ಇಳಿಸಿದರೆ ಸದ್ದು ನಿಲ್ಲುತ್ತದೆ, ಎಣ್ಣೆಯೂ ಕಡಿಮೆಯಾಗುತ್ತದೆ.

ಸ್ಕ್ರೂ ಪಂಪಿನಲ್ಲಿ ಈ ಏರಿಳಿತವೇ ಇಲ್ಲ. ಮೇಲಿನಿಂದ ರಾಡು ತಿರುಗಿಸಿದರೆ, ರಬ್ಬರ್ ಒಳಮೈಯ ಸ್ಟೇಟರ್ ಎಂಬ ಕೊಳವೆಯೊಳಗೆ ಸ್ಕ್ರೂ ಆಕಾರದ ಉಕ್ಕಿನ ರೋಟರ್ ಸುಮ್ನೆ ತಿರುಗುತ್ತದೆ. ಮರಳು ಬಂದರೂ ನುಂಗುತ್ತದೆ.

ಆದರೆ ಆ ರಬ್ಬರ್! ನಮ್ಮ ಮೊದಲ ಪಂಪು ನಲವತ್ತು ದಿನಕ್ಕೆ ನಿಂತಿತು. ಟಾರ್ಕ್, ಅಂದರೆ ರಾಡು ತಿರುಗಿಸಲು ಬೇಕಾದ ಬಲ, ದಿನಾ ಏರುತ್ತಿತ್ತು. ಒಂದು ರಾತ್ರಿ ಎರಡು ಗಂಟೆಗೆ ಫೋನು: "ಸರ್, ರಾಡ್ ಕಟ್ ಆಯ್ತು." ಸ್ಟೇಟರ್ ಇರುವುದು ಎಣ್ಣೆ ಮೇಲೆ ಬರುವ ಪೈಪಿನ, ಅಂದರೆ ಟ್ಯೂಬಿಂಗ್‌ನ, ಕೆಳತುದಿಯಲ್ಲಿ. ಇಡೀ ಟ್ಯೂಬಿಂಗ್ ಎತ್ತದೆ ಅದು ಕೈಗೆ ಸಿಗುವುದಿಲ್ಲ. ಅದನ್ನು ಎತ್ತುವ ವರ್ಕ್‌ಓವರ್ ರಿಗ್‌ಗೆ ಮೂರು ವಾರ ಕಾದೆವು.

ಎತ್ತಿ ನೋಡಿದರೆ ರಬ್ಬರ್ ನೆನೆಸಿಟ್ಟ ಕಡಲೆಯ ಹಾಗೆ ಉಬ್ಬಿತ್ತು. ಪಂಪು ಕೊಟ್ಟವರು ಬೆಂಚಿನ ಮೇಲೆ ತಣ್ಣೀರಲ್ಲಿ ಪರೀಕ್ಷಿಸಿ ಬಿಗಿಯಾಗಿ ಕೂರಿಸಿದ್ದರು. ಕೆಳಗೆ ಸುಮಾರು 70 ಡಿಗ್ರಿ ಬಿಸಿ. ಮೇಲಾಗಿ ಇಲ್ಲಿನ ಬಾಲೋಲ್, ಸಾಂತಾಲ್‌ನಂಥ ಕಡೆ ಎಣ್ಣೆ ತೆಳುವಾಗಲೆಂದು ಗಾಳಿ ಹೊಡೆದು ನೆಲದೊಳಗೇ ಒಂದಿಷ್ಟು ಎಣ್ಣೆ ಉರಿಸುತ್ತಾರೆ. ಆ ಉರಿಯಿಂದ ಬರುವ ಕಾರ್ಬನ್ ಡೈಆಕ್ಸೈಡ್ ರಬ್ಬರಿಗೆ ಇಳಿದು ಅದನ್ನು ಉಬ್ಬಿಸುತ್ತದೆ.

ಎರಡನೇ ಸಲ ನಾನೇ ಹಠ ಹಿಡಿದೆ. ಮೂರು ಬಗೆಯ ರಬ್ಬರ್ ತುಂಡುಗಳನ್ನು ಅದೇ ಬಾವಿಯ ಎಣ್ಣೆಯಲ್ಲಿ, ಅದೇ ಬಿಸಿಯಲ್ಲಿ ಒಂದು ವಾರ ನೆನೆಸಿ ತೂಕ ನೋಡಿದೆವು. ಕಡಿಮೆ ಉಬ್ಬಿದ್ದನ್ನು ಆರಿಸಿ, ಒಂದು ಸೈಜ್ ಸಣ್ಣ ರೋಟರ್ ಹಾಕಿಸಿದೆವು. ಬೆಂಚಿನ ಮೇಲೆ ಸೋರುವುದನ್ನು ನೋಡಿ ಹುಡುಗರು ನಕ್ಕರು. ಕೆಳಗಿಳಿದ ಮೇಲೆ ರಬ್ಬರ್ ಉಬ್ಬಿ ಸರಿಯಾಗಿ ಕೂತಿತು. ಹದಿನಾಲ್ಕು ತಿಂಗಳು ಓಡಿತು.

ಇನ್ನೊಂದು: ನಿಲ್ಲಿಸಿದಾಗ ರಾಡು ರಭಸವಾಗಿ ಹಿಂದಕ್ಕೆ ಸುತ್ತುತ್ತದೆ. ಬ್ರೇಕ್ ಸರಿಯಿಲ್ಲದೆ ಹತ್ತಿರ ಹೋಗಬೇಡಿ.

ನಮ್ಮ ಬಜೆಟ್ಟಿನಲ್ಲಿ ರಿಗ್ ಬಾಡಿಗೆಯೇ ದೊಡ್ಡ ಬಾಬತ್ತು, ನನಗೋ ರಾತ್ರಿ ನಿದ್ದೆ ಬೇಕು. ರಬ್ಬರ್ ಸರಿಯಾಗಿ ಆರಿಸಿದರೆ ಪದೇ ಪದೇ ಎತ್ತಬೇಕಿಲ್ಲ, ಹಾಗಾಗಿ ಸ್ಕ್ರೂ ಪಂಪೇ. ಉರಿ ಹತ್ತಿರ ಬಂದ ಎರಡು ಬಾವಿಗಳಿಗೆ ಮಾತ್ರ ಎಸ್‌ಆರ್‌ಪಿ ಹಾಕಿಸಿದ್ದೇನೆ, ಆ ಬಿಸಿಗೆ ಯಾವ ರಬ್ಬರೂ ನಿಲ್ಲಲಿಲ್ಲ. ಚಳಿಗಾಲದಲ್ಲಿ ಆ ಕಡೆಯಿಂದ ಈಗಲೂ ಧಡ್ ಧಡ್ ಕೇಳಿಸುತ್ತದೆ.