ಅಮ್ಮನ ಡಯಾಲಿಸಿಸ್: ಉಡುಪಿಯ ಒಂದು ಸೆಂಟರಿನಲ್ಲಿ ಕೆಲವು ವರ್ಷಗಳ ಅನುಭವ

ಅಮ್ಮನಿಗೆ ಎಪ್ಪತ್ತೈದು ದಾಟಿದೆ. ವಾರಕ್ಕೆ 3 ಸಲ, ಪ್ರತಿ ಸಲ 4 ಗಂಟೆ, ಉಡುಪಿ ಪೇಟೆಯ ಒಂದು ಖಾಸಗಿ ಸೆಂಟರಿನಲ್ಲಿ ಡಯಾಲಿಸಿಸ್ ಆಗುತ್ತಿದೆ. ಹೆಸರು ಬರೆಯುವುದಿಲ್ಲ. ನಾನು ಹೇಳುವುದು ಒಂದೇ ಸೆಂಟರಿನ ಸಂಗತಿ ಅಲ್ಲ, ಪಕ್ಕದ ಬೆಡ್ಡಿನವರ ಮನೆಯವರೂ ಬೇರೆ ಬೇರೆ ಕಡೆ ಇದನ್ನೇ ಕಂಡು ಬಂದವರು.

ಮೊದಲು ಒಳ್ಳೆಯದು. ಸೂಜಿ ಹಾಕುವ ಟೆಕ್ನಿಷಿಯನ್ನರ ಕೈ ಬಹಳ ಒಳ್ಳೆಯದು. ಅಮ್ಮನ ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಹಾಕಲು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ, ಎಡಗೈಯಲ್ಲಿ. ಬಳೆಗಳೆಲ್ಲ ಈಗ ಬಲಗೈಗೆ ಹೋಗಿವೆ. ಪ್ರತಿ ಸಲ ಬೆರಳಿಟ್ಟು ಆ ಜುಂ ಜುಂ ಮಿಡಿತ ನೋಡಿಯೇ ಸೂಜಿ ಚುಚ್ಚುತ್ತಾರೆ, ಆ ಕೈಯಲ್ಲಿ ಬಿಪಿ ನೋಡಲು ಯಾರನ್ನೂ ಬಿಡುವುದಿಲ್ಲ. ಸಿಸ್ಟರುಗಳು "ಅಮ್ಮ, ಎಂತ ತಿಂದು ಬಂದಿರಿ?" ಎಂದು ಕೇಳದೆ ಮೆಷಿನಿಗೆ ಹಾಕಿದ್ದೇ ಇಲ್ಲ. ಸ್ವಚ್ಛತೆಯಲ್ಲೂ ಕುಂದಿಲ್ಲ.

ನನ್ನ ಬೇಸರ ಬೇರೆ. ಇಲ್ಲಿ ಎಲ್ಲವನ್ನೂ ಅಳೆಯುತ್ತಾರೆ, ಅಮ್ಮನ ತ್ರಾಣ ಒಂದನ್ನು ಬಿಟ್ಟು. ಯೂರಿಯಾ ಚೆನ್ನಾಗಿ ಇಳಿದಿದೆ, ಪೊಟ್ಯಾಷಿಯಂ ಸರಿ ಇದೆ, ಹಿಮೋಗ್ಲೋಬಿನ್ ಪರವಾಗಿಲ್ಲ. ಆದರೆ ಅಮ್ಮನಿಗೆ ಕುರ್ಚಿಯ ಕೈ ಹಿಡಿಯದೆ ಏಳಲು ಆಗುತ್ತಿರಲಿಲ್ಲ. ತುಳಸಿಕಟ್ಟೆಗೆ ಸುತ್ತು ಬರುವಾಗ ಗೋಡೆ ಬೇಕಿತ್ತು. ಕೇಳಿದರೆ "ವಯಸ್ಸಾಯಿತಲ್ಲ" ಎಂಬ ಉತ್ತರ. ವಯಸ್ಸು ಹೌದು, ಆದರೆ ವಯಸ್ಸೊಂದೇ ಅಲ್ಲ. 2001ರಲ್ಲಿ ಅಮೆರಿಕದ ವೈದ್ಯೆ ಲಿಂಡಾ ಫ್ರೈಡ್ ಮತ್ತು ಜೊತೆಗಾರರು ಮುದಿತನದ ನಿತ್ರಾಣ ಗುರುತಿಸಲು 5 ಲಕ್ಷಣ ಕೊಟ್ಟರು: ತಾನಾಗಿಯೇ ತೂಕ ಇಳಿಯುವುದು, ಸದಾ ಆಯಾಸ, ಕೈಯ ಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. 3 ಇದ್ದರೆ ನಿತ್ರಾಣ ಎಂದೇ ಲೆಕ್ಕ. ಇದನ್ನು ನೋಡಲು ದೊಡ್ಡ ಯಂತ್ರ ಬೇಡ. ಕೈ ಕಟ್ಟಿಕೊಂಡು ಕುರ್ಚಿಯಿಂದ 5 ಸಲ ಏಳಿಸಿ ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಟ್ಟರೂ ತಿಂಗಳಿಂದ ತಿಂಗಳಿಗೆ ಎಷ್ಟೋ ತಿಳಿಯುತ್ತದೆ. ಆ ಕೆಲಸ ನಾವೇ ಮನೆಯಲ್ಲಿ, ಪಕ್ಕದಲ್ಲಿ ಒಬ್ಬರು ನಿಂತುಕೊಂಡು ಮಾಡಿಸುತ್ತೇವೆ.

ಮೈಯಲ್ಲಿ ಸೇರಿದ ಹೆಚ್ಚಿನ ನೀರನ್ನು ಮೆಷಿನ್ ತೆಗೆಯುವ ವೇಗದ ಬಗ್ಗೆ ಸ್ವಲ್ಪ ಹೆಚ್ಚು ಬರೆಯಬೇಕು. ಗಂಟೆಗೆ ಮೈತೂಕದ ಪ್ರತಿ ಕಿಲೋಗೆ 13 ಎಂಎಲ್‌ಗಿಂತ ಹೆಚ್ಚು ತೆಗೆದರೆ ಹೃದಯಕ್ಕೆ ಹೊರೆ ಎಂಬುದು ಕಿಡ್ನಿ ತಜ್ಞರಲ್ಲಿ ಎಲ್ಲರಿಗೂ ಗೊತ್ತಿರುವ ಲೆಕ್ಕ. 45 ಕಿಲೋದ ಅಮ್ಮನಿಗೆ 4 ಗಂಟೆಗೆ ಅದು 2.3 ಲೀಟರಿನಷ್ಟಾಯಿತು. ಮುಂದಿನ ಶಿಫ್ಟಿನವರು ಬಾಗಿಲಲ್ಲಿ ಕಾಯುವ ದಿನ ಇದಕ್ಕಿಂತ ಬೇಗ ಎಳೆದು ಮುಗಿಸಿದ್ದುಂಟು. ಅಂಥ ದಿನ ಕಾಲಿನ ಮೀನಖಂಡ ಹಿಡಿದು ಅಮ್ಮ ಹಲ್ಲು ಕಚ್ಚಿದ್ದು, ಬಿಪಿ ಕುಸಿದದ್ದು, ಮನೆಗೆ ಬಂದು ಮಾರನೆಯ ಮಧ್ಯಾಹ್ನದವರೆಗೆ ಎದ್ದೇಳದೆ ಮಲಗಿದ್ದು ಎಲ್ಲ ನೋಡಿದ್ದೇನೆ. ವಾರಕ್ಕೆ 3 ಡಯಾಲಿಸಿಸ್, ಪ್ರತಿಯೊಂದಕ್ಕೂ ಒಂದು ದಿನದ ಸುಸ್ತು. ಉಳಿಯುವುದೇನು? ನಿಮ್ಮ ಸೆಂಟರಿನಲ್ಲಿ "ನಿನ್ನೆ ಡಯಾಲಿಸಿಸ್ ಆದಮೇಲೆ ಸುಧಾರಿಸಿಕೊಳ್ಳಲು ಎಷ್ಟು ಹೊತ್ತು ಬೇಕಾಯಿತು?" ಎಂದು ಯಾರಾದರೂ ಕೇಳುತ್ತಾರಾ, ನೋಡಿ. ಇಲ್ಲಿ ನಾವೇ ಬರೆದುಕೊಂಡು ಹೋಗಿ ಡಾಕ್ಟರರಿಗೆ ತೋರಿಸಿದ ಮೇಲೆ ನೀರಿನ ಲೆಕ್ಕ ಸರಿಯಾಯಿತು. ಈಗ ಸೂಜಿ ತೆಗೆದು ಹತ್ತಿ ಒತ್ತಿಹಿಡಿದ ಮೇಲೆ ಕಾಲು ಇಳಿಬಿಟ್ಟು ಕೂರಿಸಿ, ನಿಲ್ಲಿಸಿ ಮತ್ತೊಮ್ಮೆ ಬಿಪಿ ನೋಡುತ್ತಾರೆ. ಮೊದಲು ಹೀಗಿರಲಿಲ್ಲ.

ಒಣತೂಕದ, ಅಂದರೆ ಹೆಚ್ಚಿನ ನೀರು ತೆಗೆದ ಮೇಲೆ ಇರಬೇಕಾದ ತೂಕದ, ವಿಷಯವನ್ನು ಮನೆಯವರು ಅರ್ಥ ಮಾಡಿಕೊಳ್ಳಲೇಬೇಕು. ಮಾಂಸಖಂಡ ಕರಗಿದ ಜಾಗದಲ್ಲಿ ನೀರು ಕೂತರೆ ತಕ್ಕಡಿಯಲ್ಲಿ ಅದೇ 45 ಕಾಣುತ್ತದೆ. ದಪ್ಪ ಕಡಿಮೆಯಾದ ತೋಳು, ಸಡಿಲವಾದ ರವಿಕೆ ನಮ್ಮ ಕಣ್ಣಿಗೆ ಕಾಣುತ್ತದೆ, ತಕ್ಕಡಿಗೆ ಕಾಣುವುದಿಲ್ಲ. ಅದನ್ನು ಹೇಳಿ, ತೂಕದ ಗುರಿ ಮತ್ತೆ ಗೊತ್ತು ಮಾಡಿಸಿ.

ಊಟದಲ್ಲಿ ಸೆಂಟರಿನವರು ಕೊಟ್ಟದ್ದು ಒಂದು ಹಾಳೆ. ಬಾಳೆಹಣ್ಣು ಬೇಡ, ಬೊಂಡ (ಎಳನೀರು) ಬೇಡ, ಉಪ್ಪಿನಕಾಯಿ ಬೇಡ. ಬೇಡಗಳೇ ತುಂಬಿದ್ದವು. ಡಯಾಲಿಸಿಸ್ ಶುರುವಾಗುವ ಮುಂಚೆ ಹೇಳಿದ "ಬೇಳೆ, ಮೊಟ್ಟೆ ಕಡಿಮೆ" ಎಂಬ ಮಾತನ್ನೇ ಬಹಳಷ್ಟು ಮನೆಗಳಲ್ಲಿ ಈಗಲೂ ಪಾಲಿಸುತ್ತಾರೆ. ಡಯಾಲಿಸಿಸ್ ಆಗುವವರಿಗೆ ಲೆಕ್ಕ ಉಲ್ಟಾ: ಪ್ರತಿ ಸಲ ಒಂದಷ್ಟು ಗ್ರಾಂ ಅಮಿನೋ ಆಮ್ಲ (ಪ್ರೋಟೀನಿನ ಅಂಶ) ಮೆಷಿನಿನಲ್ಲಿ ತೊಳೆದುಹೋಗುತ್ತದೆ, ಹಾಗಾಗಿ ದಿನಕ್ಕೆ ಕಿಲೋಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ಬರೀ ಗಂಜಿ, ಚಟ್ನಿಯಲ್ಲಿ ಅದು ಸಿಗುವುದಿಲ್ಲ, ಗಂಜಿಯ ತಿಳಿ ಬೇರೆ ನೀರಿನ ಲೆಕ್ಕಕ್ಕೆ ಸೇರುತ್ತದೆ. ನಾವು ಡಯಟಿಷಿಯನ್ನರನ್ನು ಬೇರೆಯಾಗಿ ನೋಡಿ ಮೊಟ್ಟೆಯ ಬಿಳಿ, ಸ್ವಲ್ಪ ತಾಜಾ ಮೀನು ಶುರು ಮಾಡಿದೆವು. ಒಣಮೀನು ಬಿಟ್ಟೆವು, ಉಪ್ಪಿನ ರಾಶಿ ಅದು. ಹಾಳೆಯಲ್ಲಿ ಇಲ್ಲದ ಒಂದು ಮಾತು ಕರಾವಳಿಯವರಿಗೆ ಹೇಳಲೇಬೇಕು: ಹಿತ್ತಲಿನ ಧಾರೆಹುಳಿ (ಸ್ಟಾರ್ ಫ್ರೂಟ್) ಡಯಾಲಿಸಿಸ್ ಆಗುವವರಿಗೆ ಒಂದು ತುಂಡೂ ಬೇಡ. ನಿಲ್ಲದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ.

ಡಾಕ್ಟರರನ್ನು ಕೇಳಿ ಫಿಸಿಯೋಥೆರಪಿಸ್ಟ್ ಸಲಹೆಯಂತೆ ಡಯಾಲಿಸಿಸ್ ನಡೆಯುವಾಗಲೇ, ಮೊದಲ 2 ಗಂಟೆಯೊಳಗೆ, ಮಲಗಿದಲ್ಲೇ ಕಾಲು ಮಡಚಿ ಚಾಚುವ ವ್ಯಾಯಾಮ ಮಾಡಿಸುತ್ತೇವೆ. ಆಮೇಲೆ ಬಿಪಿ ಇಳಿಯುವ ಹೆದರಿಕೆ. ಈಗ ಪಕ್ಕದ ಬೆಡ್ಡಿನ ಶೆಟ್ರೂ ಮಾಡುತ್ತಾರೆ. ಅಮ್ಮ ಮತ್ತೆ ಗೋಡೆ ಹಿಡಿಯದೆ ತುಳಸಿಕಟ್ಟೆಗೆ ಸುತ್ತು ಬರುವಷ್ಟಾಗಿದ್ದಾರೆ, ಒಂದೇ ಸುತ್ತು.

ಹೊಸದಾಗಿ ಶುರು ಮಾಡುವ ಹಿರಿಯರ ಮನೆಯವರಿಗೆ ಕಠಿಣವಾದ ಒಂದು ಮಾತೂ ತಿಳಿದಿರಲಿ. ಅಮೆರಿಕದಲ್ಲಿ ಶುಶ್ರೂಷೆಯಿರುವ ವೃದ್ಧಾಶ್ರಮಗಳ 3,702 ಮಂದಿಯ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಡಯಾಲಿಸಿಸ್ ಶುರುವಾಗಿ ವರ್ಷದೊಳಗೆ 58 ಶೇಕಡ ಮಂದಿ ತೀರಿಕೊಂಡಿದ್ದರು, ಮೊದಲಿನಷ್ಟೇ ತಮ್ಮ ಕೆಲಸ ಮಾಡಿಕೊಳ್ಳುವ ಶಕ್ತಿ ಉಳಿದದ್ದು 13 ಶೇಕಡ ಮಂದಿಗೆ. ಅವರು ಮೊದಲೇ ಬಹಳ ನಿತ್ರಾಣರಾಗಿದ್ದವರು, ಮನೆಯಲ್ಲಿ ಓಡಾಡಿಕೊಂಡಿರುವವರ ಕಥೆ ಅದೇ ಅಲ್ಲ. ಆದರೂ ಶುರು ಮಾಡುವ ಮುಂಚೆ ಹಿರಿಯರನ್ನೇ ಕೂರಿಸಿ, ಅವರಿಗೇನು ಬೇಕು ಎಂದು ಡಾಕ್ಟರರ ಎದುರು ಕೇಳಬೇಕು, ಅದು ಅವರ ಹಕ್ಕು. ನಮ್ಮ ಸೆಂಟರಿನಲ್ಲಿ ಆ ಮಾತುಕತೆ ಆಗಲಿಲ್ಲ, ಸಹಿ ಮಾತ್ರ ಹಾಕಿಸಿಕೊಂಡರು.

ಐದರಲ್ಲಿ ಮೂರೂವರೆ ಸ್ಟಾರ್. ಸಿಬ್ಬಂದಿಗೆ ಪೂರ್ತಿ ಐದು. ಡಯಟಿಷಿಯನ್, ಫಿಸಿಯೋ ಇಬ್ಬರೂ ವಾರಕ್ಕೊಮ್ಮೆಯಾದರೂ ವಾರ್ಡಿಗೆ ಬರುವಂತಾದರೆ ಉಳಿದದ್ದನ್ನೂ ಕೊಡುತ್ತೇನೆ. ಬಿಪಿಎಲ್ ಕಾರ್ಡ್ ಇರುವವರು ದುಡ್ಡು ಕಟ್ಟುವ ಮುಂಚೆ ಅಜ್ಜರಕಾಡು ಜಿಲ್ಲಾಸ್ಪತ್ರೆಯಲ್ಲೊಮ್ಮೆ ವಿಚಾರಿಸಿ.